ದಂಡನಾಯಕನ ಕೈಗೆ ಮಾಜಿ ಸೈನಿಕರ ಕಡತ

2024ರ ಅಕ್ಟೋಬರ್ 22ರಂದು ಅಮೆರಿಕದ ಅಲಬಾಮಾ ರಾಜ್ಯದ ಗವರ್ನರ್ ಕೇ ಐವಿ ಅವರು ರಾಜ್ಯದ ಮಾಜಿ ಸೈನಿಕರ ವ್ಯವಹಾರಗಳ ಇಲಾಖೆಯ ಆಯುಕ್ತ ಕೆಂಟ್ ಡೇವಿಸ್ ಅವರನ್ನು ಹುದ್ದೆಯಿಂದ ತೆಗೆದುಹಾಕಿದರು. ಡೇವಿಸ್ ಭೂಸೇನೆಯಲ್ಲೂ ನೌಕಾಪಡೆಯಲ್ಲೂ ಸೇವೆ ಸಲ್ಲಿಸಿ, ರಿಯರ್ ಅಡ್ಮಿರಲ್ ದರ್ಜೆಯಲ್ಲಿ ನಿವೃತ್ತರಾಗಿ, 2019ರಿಂದ ಈ ಹುದ್ದೆಯಲ್ಲಿದ್ದವರು. ಅವರನ್ನು ಆಯ್ಕೆ ಮಾಡಿದ್ದು ಗವರ್ನರ್ ಅಲ್ಲ, ಮಾಜಿ ಸೈನಿಕರ ಸಂಘಟನೆಗಳು ಸೂಚಿಸಿದ ಸದಸ್ಯರಿರುವ ರಾಜ್ಯ ಮಂಡಳಿ. ಅದೇ ದಿನ ಸೇರಿದ್ದ ಆ ಮಂಡಳಿ ಅವರನ್ನು ವಜಾ ಮಾಡಲು ಒಪ್ಪಲಿಲ್ಲ. ಸಭೆ ಮುಗಿದ ಬೆನ್ನಿಗೇ ಗವರ್ನರ್, ರಾಜ್ಯದ ಸಂವಿಧಾನ ತಮಗೆ ಕೊಟ್ಟಿರುವ 'ಪರಮೋಚ್ಚ ಕಾರ್ಯಾಂಗ ಅಧಿಕಾರ'ವನ್ನು ಮುಂದಿಟ್ಟು ತಾವೇ ಆ ಕೆಲಸ ಮುಗಿಸಿದರು. ಅಮೆರಿಕದ ಗವರ್ನರ್ ಜನರಿಂದ ನೇರವಾಗಿ ಆಯ್ಕೆಯಾಗಿ ಸರ್ಕಾರ ನಡೆಸುವವರು, ನಮ್ಮ ಮುಖ್ಯಮಂತ್ರಿಯ ಸ್ಥಾನಕ್ಕೆ ಹತ್ತಿರದವರು ಎಂಬುದನ್ನು ನೆನಪಿಟ್ಟುಕೊಂಡರೆ ಈ ಜಟಾಪಟಿಯ ತೂಕ ತಿಳಿಯುತ್ತದೆ.

ಜಗಳದ ಮೂಲ ಸುಮಾರು 70 ಲಕ್ಷ ಡಾಲರುಗಳ ಅನುದಾನ. ಕೋವಿಡ್ ಪರಿಹಾರಕ್ಕೆಂದು ಕೇಂದ್ರದಿಂದ ಬಂದ ಹಣದಲ್ಲಿ ಒಂದು ಪಾಲನ್ನು ಮಾಜಿ ಸೈನಿಕರ ಮಾನಸಿಕ ಆರೋಗ್ಯದ ಕಾರ್ಯಕ್ರಮಗಳಿಗೆ ಬಳಸಲು ಡೇವಿಸ್ ಅವರ ಇಲಾಖೆಯೂ ರಾಜ್ಯದ ಮಾನಸಿಕ ಆರೋಗ್ಯ ಇಲಾಖೆಯೂ ಒಪ್ಪಂದ ಮಾಡಿಕೊಂಡಿದ್ದವು. ಒಪ್ಪಂದ ಮುರಿದುಬಿತ್ತು. ಡೇವಿಸ್ ಆ ಇನ್ನೊಂದು ಇಲಾಖೆಯ ಮುಖ್ಯಸ್ಥರೂ ಸೇರಿದಂತೆ ಕೆಲವರ ಮೇಲೆ ರಾಜ್ಯದ ನೈತಿಕತಾ ಆಯೋಗಕ್ಕೆ ದೂರು ಕೊಟ್ಟರು, ಆಯೋಗ ಅದನ್ನು ತಳ್ಳಿಹಾಕಿತು. ಅನುದಾನದ ನಿರ್ವಹಣೆ ಕೆಟ್ಟಿತು, ಇತರ ಇಲಾಖೆಗಳೊಡನೆ ಸಹಕಾರ ಮುರಿಯಿತು ಎಂಬುದು ಗವರ್ನರ್ ಅವರ ಆರೋಪ. ತಮ್ಮಿಂದ ತಪ್ಪು ನಡೆದಿಲ್ಲ ಎಂಬುದು ಡೇವಿಸ್ ಅವರ ನಿಲುವು. ಸೆಪ್ಟೆಂಬರ್‌ನಲ್ಲಿ ಅವರು ವರ್ಷದ ಕೊನೆಗೆ ಹುದ್ದೆ ಬಿಡುವುದೆಂದು ಮಾತಾಗಿತ್ತು, ಆದರೆ ಅಲ್ಲಿಯವರೆಗೂ ಗವರ್ನರ್ ಕಾಯಲಿಲ್ಲ. ಡೇವಿಸ್ ಮುಂದೆ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದರು.

ಇಬ್ಬರಲ್ಲಿ ಯಾರು ಸರಿ ಎಂದು ಇಲ್ಲಿ ತೀರ್ಪು ಕೊಡುವ ಅಗತ್ಯವಿಲ್ಲ. ಆದರೆ ಸೇನೆಯ ಮೇಲಧಿಕಾರಿಗಳು ರಾಜ್ಯದ ಮಾಜಿ ಸೈನಿಕರ ಇಲಾಖೆಗೆ ಬಂದು ಎಡವುವುದು ಇದೇ ಮೊದಲಲ್ಲ ಎಂಬುದು ಗಮನಿಸಬೇಕಾದ ಸಂಗತಿ. 2009ರಿಂದೀಚೆಗೆ ನಡೆದ ಇಂಥ ಪ್ರಕರಣಗಳನ್ನು ಒಟ್ಟಿಗಿಟ್ಟು ನೋಡಿದರೆ, ವ್ಯಕ್ತಿಯ ದೋಷಕ್ಕಿಂತ ಹೆಚ್ಚಾಗಿ ಹುದ್ದೆಯನ್ನು ಕುರಿತ ತಪ್ಪು ಕಲ್ಪನೆ ಎದ್ದು ಕಾಣುತ್ತದೆ. ಸೈನಿಕರಾಗಿದ್ದವರ ಯೋಗಕ್ಷೇಮ ನೋಡಿಕೊಳ್ಳಲು ಸೈನಿಕರನ್ನು ಆಳಿದವರೇ ತಕ್ಕವರು ಎಂಬ ಊಹೆಯಿಂದ ನೇಮಕ ನಡೆಯುತ್ತದೆ. ಆದರೆ ಆ ಕುರ್ಚಿಯಲ್ಲಿ ಕುಳಿತವರು ದಿನವೂ ಮಾಡಬೇಕಾದ ಕೆಲಸಕ್ಕೂ ಸೇನೆಯ ಮುನ್ನಡೆಗೂ ಇರುವ ಸಂಬಂಧ ಬಹಳ ತೆಳುವಾದದ್ದು.

ಆ ಕೆಲಸವೇನು? ಅಮೆರಿಕದಲ್ಲಿ ಮಾಜಿ ಸೈನಿಕರಿಗೆ ಸಿಗುವ ದೊಡ್ಡ ಸವಲತ್ತುಗಳೆಲ್ಲ, ಅಂದರೆ ಅಂಗವೈಕಲ್ಯ ಪರಿಹಾರ, ಪಿಂಚಣಿ, ಆಸ್ಪತ್ರೆ, ಓದಿನ ಖರ್ಚು, ಗೃಹಸಾಲದ ಖಾತರಿ, ಕೇಂದ್ರದ ಮಾಜಿ ಸೈನಿಕರ ಇಲಾಖೆಯ ಕೈಯಲ್ಲಿವೆ. ರಾಜ್ಯದ ಅಧಿಕಾರಿಗೆ ಇವುಗಳಲ್ಲಿ ಒಂದನ್ನೂ ಮಂಜೂರು ಮಾಡುವ ಅಧಿಕಾರವಿಲ್ಲ. ಅವರ ಸಿಬ್ಬಂದಿ ಮಾಡುವುದು ಅರ್ಜಿ ತುಂಬಿಸುವ, ದಾಖಲೆ ಹುಡುಕಿಸುವ, ತಿರಸ್ಕಾರವಾದರೆ ಮೇಲ್ಮನವಿ ಬರೆಸುವ ಕೆಲಸವನ್ನು. ಹೆಚ್ಚಿನ ರಾಜ್ಯಗಳಲ್ಲಿ ಕೌಂಟಿ, ಅಂದರೆ ನಮ್ಮ ಜಿಲ್ಲೆಯಂಥ ಘಟಕದ, ಮಟ್ಟದಲ್ಲಿ ಇದಕ್ಕಾಗಿ ಕಚೇರಿಗಳಿವೆ, ಮಾನ್ಯತೆ ಪಡೆದ ಸೇವಾಧಿಕಾರಿಗಳಿದ್ದಾರೆ, ಮತ್ತು ಈ ನೆರವು ಸಂಪೂರ್ಣ ಉಚಿತ. ಹೊರಗಿನಿಂದ ನೋಡುವವರಿಗೆ ಇದು ಸಣ್ಣ ಗುಮಾಸ್ತಿಕೆಯಂತೆ ಕಾಣಬಹುದು, ಆದರೆ ಒಬ್ಬ ಮಾಜಿ ಸೈನಿಕನ ಬದುಕಿನ ಮುಂದಿನ ಮೂವತ್ತು ವರ್ಷಗಳ ಆದಾಯ ಒಂದು ವೈದ್ಯಕೀಯ ದಾಖಲೆ ಸಿಕ್ಕಿತೋ ಇಲ್ಲವೋ ಎಂಬುದರ ಮೇಲೆ ನಿಂತಿರುತ್ತದೆ.

2022ರ ಆಗಸ್ಟ್‌ನಲ್ಲಿ ಜಾರಿಯಾದ 'ಪ್ಯಾಕ್ಟ್' ಕಾಯ್ದೆ ಈ ಕೆಲಸದ ಹೊರೆಯನ್ನು ಹಲವು ಪಟ್ಟು ಹೆಚ್ಚಿಸಿತು. ಇರಾಕ್, ಅಫ್ಘಾನಿಸ್ತಾನಗಳ ಸೇನಾನೆಲೆಗಳಲ್ಲಿ ಕಸವನ್ನು ತೆರೆದ ಗುಂಡಿಗಳಲ್ಲಿ ಸುಟ್ಟ ಹೊಗೆ ಕುಡಿದವರ, ವಿಯೆಟ್ನಾಂನಲ್ಲಿ ಏಜೆಂಟ್ ಆರೆಂಜ್ ರಾಸಾಯನಿಕಕ್ಕೆ ಒಡ್ಡಿಕೊಂಡವರ ಹಲವು ಕಾಯಿಲೆಗಳನ್ನು, ಸೇವೆಯಿಂದಲೇ ಬಂದವು ಎಂದು ಕಾನೂನೇ ಭಾವಿಸಿಕೊಳ್ಳುವಂತೆ ಅದು ಮಾಡಿತು. ಹಿಂದೆ ತಿರಸ್ಕೃತರಾದವರೂ ಮತ್ತೆ ಅರ್ಜಿ ಹಾಕಬಹುದಾಯಿತು. ಇದರ ಬೆನ್ನಿಗೇ, ಪರಿಹಾರ ಕೊಡಿಸುತ್ತೇವೆ ಎಂದು ಹೇಳಿ ಸಾವಿರಾರು ಡಾಲರು ಕೀಳುವ, ಮಾನ್ಯತೆಯಿಲ್ಲದ ಖಾಸಗಿ ದಲ್ಲಾಳಿಗಳೂ ಹುಟ್ಟಿಕೊಂಡರು. ಮೊದಲ ಅರ್ಜಿಗೆ ಶುಲ್ಕ ವಸೂಲು ಮಾಡುವುದನ್ನು ಕೇಂದ್ರದ ನಿಯಮ ನಿಷೇಧಿಸಿದ್ದರೂ, ಮುರಿದವರಿಗೆ ಶಿಕ್ಷೆಯ ಭಯವಿಲ್ಲದಿರುವುದರಿಂದ ಕೆಲವು ರಾಜ್ಯಗಳು ತಾವೇ ಕಾನೂನು ಮಾಡಲು ಹೊರಟಿವೆ. ರಾಜ್ಯದ ಮಾಜಿ ಸೈನಿಕರ ಇಲಾಖೆ ಎಷ್ಟು ಚುರುಕಾಗಿದೆ ಎಂಬುದರ ನಿಜವಾದ ಅಳತೆ ಇರುವುದು ಇಲ್ಲಿ. ಹಳ್ಳಿಯ ಮೂಲೆಯಲ್ಲಿರುವ ಮಾಜಿ ಸೈನಿಕನೊಬ್ಬ ಮೊದಲು ಬಾಗಿಲು ತಟ್ಟುವುದು ಸರ್ಕಾರಿ ಕಚೇರಿಯದೋ ದಲ್ಲಾಳಿಯದೋ ಎಂಬುದನ್ನು ಯಾವ ಮೆರವಣಿಗೆಯೂ ಯಾವ ಭಾಷಣವೂ ತೀರ್ಮಾನಿಸುವುದಿಲ್ಲ.

ಎರಡನೆಯ ಕೆಲಸ ಇದಕ್ಕಿಂತ ಅಪಾಯಕಾರಿಯಾದದ್ದು. ಅಂತರ್ಯುದ್ಧದ ಕಾಲದಲ್ಲಿ, 1864ರಲ್ಲಿ, ಕನೆಕ್ಟಿಕಟ್ ರಾಜ್ಯದ ಡೇರಿಯನ್‌ನಲ್ಲಿ ಶುರುವಾದ ಸೈನಿಕರ ಆಶ್ರಯಧಾಮದಿಂದ ಹಿಡಿದು ಇಂದಿನವರೆಗೆ, ವೃದ್ಧ ಮಾಜಿ ಸೈನಿಕರ ಶುಶ್ರೂಷಾಧಾಮಗಳನ್ನು ನಡೆಸುವುದು ರಾಜ್ಯಗಳ ಹೊಣೆ. ಕಟ್ಟಡದ ವೆಚ್ಚದಲ್ಲಿ ಶೇ 65ರವರೆಗೆ ಕೇಂದ್ರ ಕೊಡುತ್ತದೆ, ಒಬ್ಬೊಬ್ಬ ನಿವಾಸಿಗೆ ದಿನಕ್ಕಿಷ್ಟೆಂದು ಸಹಾಯಧನವನ್ನೂ ಕೊಡುತ್ತದೆ. ಆದರೆ ಆಡಳಿತ ರಾಜ್ಯದ್ದು. ದೇಶದಲ್ಲಿ ಇಂಥ ಧಾಮಗಳು 150ಕ್ಕೂ ಹೆಚ್ಚಿವೆ. ಅಲಬಾಮಾ ಒಂದರಲ್ಲೇ ಐದಿದ್ದು, ಐದನೆಯದು ಎಂಟರ್‌ಪ್ರೈಸ್ ಎಂಬ ಊರಿನಲ್ಲಿ 2024ರಲ್ಲಿ ತೆರೆಯಿತು. ಇವುಗಳಲ್ಲಿರುವವರು ಮರೆಗುಳಿತನ, ಪಾರ್ಶ್ವವಾಯು, ಶ್ವಾಸಕೋಶದ ಕಾಯಿಲೆಗಳಿಂದ ಬಳಲುವ ಎಂಬತ್ತು, ತೊಂಬತ್ತರ ಪ್ರಾಯದವರು. ಇಲ್ಲಿ ಬೇಕಾದದ್ದು ಸೋಂಕು ತಡೆಯುವ ಶಿಸ್ತು, ದಾದಿಯರ ಸಂಖ್ಯೆ, ಔಷಧಿಯ ಲೆಕ್ಕ, ಹಾಸಿಗೆ ಹುಣ್ಣಾಗದಂತೆ ರಾತ್ರಿಯೆಲ್ಲ ಮಗ್ಗುಲು ಬದಲಿಸುವ ಕೈಗಳು.

2020ರಲ್ಲಿ ಕೋವಿಡ್ ಬಂದಾಗ ಈ ಧಾಮಗಳು ಸಾವಿನ ಮನೆಗಳಾದವು. ನ್ಯೂಜೆರ್ಸಿಯಲ್ಲಿ ಆಗ ಮಾಜಿ ಸೈನಿಕರ ಧಾಮಗಳ ಹೊಣೆ ಹೊತ್ತಿದ್ದವರು ಬ್ರಿಗೇಡಿಯರ್ ಜನರಲ್ ಜೆಮಾಲ್ ಬೀಲ್. ಅಲ್ಲಿ ರಾಜ್ಯದ ಮೀಸಲು ಸೇನೆಯಾದ ನ್ಯಾಷನಲ್ ಗಾರ್ಡ್ ಪಡೆಯ ಮುಖ್ಯಸ್ಥನೇ ಸೇನೆ ಮತ್ತು ಮಾಜಿ ಸೈನಿಕರ ಜಂಟಿ ಇಲಾಖೆಯ ಆಯುಕ್ತನೂ ಆಗಿದ್ದ. ಚಂಡಮಾರುತ ಬಂದಾಗ ಪಡೆ ಕಳಿಸುವುದು, ಪಡೆಯನ್ನು ವಿದೇಶಕ್ಕೆ ಹೋಗಲು ಸಜ್ಜುಗೊಳಿಸುವುದು, ಅದರ ಜೊತೆಗೇ ಪರಾಮಸ್, ಮೆನ್ಲೊ ಪಾರ್ಕ್, ವೈನ್‌ಲ್ಯಾಂಡ್‌ಗಳ ವೃದ್ಧರ ಧಾಮಗಳನ್ನು ನಡೆಸುವುದು ಎಲ್ಲವೂ ಒಬ್ಬರ ಮೇಜಿನ ಮೇಲೆ. ಇವುಗಳಲ್ಲಿ ಮೊದಲೆರಡು ಧಾಮಗಳಲ್ಲಿ ಇನ್ನೂರರ ಆಸುಪಾಸು ಜನ ಸತ್ತರು. ನಿವಾಸಿಗಳು ಹೆದರಿಯಾರು ಎಂಬ ಕಾರಣಕ್ಕೆ ಸಿಬ್ಬಂದಿ ಮುಖಗವಸು ಹಾಕುವುದನ್ನೇ ಆರಂಭದಲ್ಲಿ ತಡೆಯಲಾಗಿತ್ತು ಎಂಬುದು ಆಮೇಲೆ ಬೆಳಕಿಗೆ ಬಂತು. ಅಕ್ಟೋಬರ್ ಕೊನೆಗೆ ಬೀಲ್ ಹುದ್ದೆ ಬಿಡಬೇಕಾಯಿತು. ಮುಂದಿನ ವರ್ಷದ ಡಿಸೆಂಬರ್‌ನಲ್ಲಿ ರಾಜ್ಯ ಸರ್ಕಾರ 119 ಕುಟುಂಬಗಳಿಗೆ ಒಟ್ಟು 5.3 ಕೋಟಿ ಡಾಲರು ಪರಿಹಾರ ಕೊಟ್ಟು ವ್ಯಾಜ್ಯ ಮುಗಿಸಿಕೊಂಡಿತು.

ಈ ಕಥೆಯಲ್ಲಿ ಹೆಚ್ಚು ಪಾಠವಿರುವುದು ನಂತರದ ಭಾಗದಲ್ಲಿ. ಬೀಲ್ ಅವರ ಜಾಗಕ್ಕೆ ಬಂದ ಲಿಸಾ ಹೌ ಸಮವಸ್ತ್ರದ ಅಧಿಕಾರಿಯಷ್ಟೇ ಅಲ್ಲ, ವೈದ್ಯೆ ಕೂಡ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ನೇಮಕ ಸಾಧ್ಯವಿರಲಿಲ್ಲ. ಆದರೂ 2023ರ ಸೆಪ್ಟೆಂಬರ್‌ನಲ್ಲಿ ಕೇಂದ್ರದ ನ್ಯಾಯಾಂಗ ಇಲಾಖೆ ಹೊರತಂದ ತನಿಖಾ ವರದಿ, ಈ ಎರಡು ಧಾಮಗಳಲ್ಲಿ ನಿವಾಸಿಗಳ ಸಾಂವಿಧಾನಿಕ ಹಕ್ಕುಗಳ ಉಲ್ಲಂಘನೆಯಾಗುತ್ತಿದೆ, ಸೋಂಕು ನಿಯಂತ್ರಣವೂ ಸಾಮಾನ್ಯ ವೈದ್ಯಕೀಯ ಆರೈಕೆಯೂ ಕೊರತೆಯಿಂದ ಕೂಡಿವೆ, ಮೇಲ್ವಿಚಾರಣೆ ಸೋತಿದೆ ಎಂದಿತು. ಅಂದರೆ ಮೇಲಿನ ಕುರ್ಚಿಯಲ್ಲಿ ವೈದ್ಯರನ್ನು ಕೂರಿಸಿದ ಮಾತ್ರಕ್ಕೆ ಕೆಳಗಿನ ವಾರ್ಡು ಸುಧಾರಿಸುವುದಿಲ್ಲ. ಸೇನಾ ಇಲಾಖೆಯೊಂದರ ಬಾಲಕ್ಕೆ ಆರೋಗ್ಯ ಸಂಸ್ಥೆಯನ್ನು ಕಟ್ಟಿದ ವ್ಯವಸ್ಥೆಯೇ ಪ್ರಶ್ನೆಗೆ ಒಳಗಾಗಬೇಕು. ಆ ಎರಡನ್ನು ಬೇರೆ ಮಾಡಬೇಕೆಂಬ ವಾದ ನ್ಯೂಜೆರ್ಸಿಯಲ್ಲಿ ಬಲವಾದದ್ದು ಈ ವರದಿಯ ನಂತರ.

ಮ್ಯಾಸಚೂಸೆಟ್ಸ್ ಇನ್ನೊಂದು ದಾರಿ ಹಿಡಿಯಿತು. ಅಲ್ಲಿನ ಹೋಲಿಯೋಕ್ ಸೈನಿಕರ ಧಾಮದಲ್ಲಿ 2020ರ ವಸಂತದಲ್ಲಿ ಕನಿಷ್ಠ 76 ಮಾಜಿ ಸೈನಿಕರು ಕೋವಿಡ್‌ನಿಂದ ಸತ್ತರು. ಸಿಬ್ಬಂದಿಯ ಕೊರತೆ ನೀಗಿಸಲು ಮಾರ್ಚ್ 27ರಂದು ಮರೆಗುಳಿತನದ ಎರಡು ವಾರ್ಡುಗಳನ್ನು ಒಂದೇ ಮಾಡಿದ್ದರಿಂದ ಸೋಂಕಿತರೂ ಸೋಂಕಿಲ್ಲದವರೂ ಒಟ್ಟಿಗೆ ಸೇರಿದರು. ಧಾಮದ ಮೇಲ್ವಿಚಾರಕರಾಗಿದ್ದವರು ಮರೀನ್ ಪಡೆಯಿಂದ ಲೆಫ್ಟಿನೆಂಟ್ ಕರ್ನಲ್ ಆಗಿ ನಿವೃತ್ತರಾದವರು, ಶುಶ್ರೂಷಾಧಾಮ ನಡೆಸುವ ಪರವಾನಗಿ ಅವರಿಗಿರಲಿಲ್ಲ. ರಾಜ್ಯ ಸರ್ಕಾರ ನೇಮಿಸಿದ ಸ್ವತಂತ್ರ ತನಿಖೆ ಈ ಕೊರತೆಯನ್ನು ನೇರವಾಗಿಯೇ ಎತ್ತಿ ಹೇಳಿತು. ರಾಜ್ಯದ ಮಾಜಿ ಸೈನಿಕರ ಸೇವೆಗಳ ಕಾರ್ಯದರ್ಶಿ ಫ್ರಾನ್ಸಿಸ್ಕೊ ಉರೆನ್ಯ ಜೂನ್‌ನಲ್ಲಿ ರಾಜೀನಾಮೆ ಕೊಟ್ಟರು. ಅವರೂ ಮರೀನ್ ಪಡೆಯಲ್ಲಿದ್ದವರೇ. 2022ರಲ್ಲಿ ಶಾಸನಸಭೆ ತಂದ ಕಾನೂನು ಧಾಮದ ಮೇಲ್ವಿಚಾರಕರಿಗೆ ಶುಶ್ರೂಷಾಧಾಮ ಆಡಳಿತದ ಪರವಾನಗಿಯನ್ನು ಕಡ್ಡಾಯ ಮಾಡಿತು, ಮಾಜಿ ಸೈನಿಕರ ಇಲಾಖೆಯನ್ನು ಸಂಪುಟ ದರ್ಜೆಗೆ ಏರಿಸಿತು. ಮಾರನೆಯ ವರ್ಷ ಆ ಹೊಸ ಹುದ್ದೆಗೆ ಬಂದ ಜಾನ್ ಸ್ಯಾಂಟಿಯಾಗೊ ತುರ್ತುಚಿಕಿತ್ಸಾ ವೈದ್ಯರು, ಶಾಸಕರಾಗಿದ್ದವರು, ಮೀಸಲು ಸೇನೆಯಲ್ಲಿ ಅಧಿಕಾರಿ. ಸೈನ್ಯದ ಅನುಭವ ಬೇಡವೆಂದು ಯಾರೂ ಹೇಳಲಿಲ್ಲ. ಅದು ಅರ್ಹತೆಗಳ ಸಾಲಿನಲ್ಲಿ ಒಂದಾಗಿ, ಏಕೈಕವಾಗಿ ಉಳಿಯದಂತೆ ನೋಡಿಕೊಂಡರು, ಅಷ್ಟೆ. ನನ್ನ ಎಣಿಕೆಯಲ್ಲಿ ಈ ಇಡೀ ಅವಧಿಯ ಅತ್ಯಂತ ವಿವೇಕದ ತಿದ್ದುಪಡಿ ಇದು.

ಹಾಗಾದರೆ ಸೇನೆಯ ಮೇಲಧಿಕಾರಿಗೆ ಈ ಕ್ಷೇತ್ರ ಒಗ್ಗುವುದೇ ಇಲ್ಲವೇ? ಒಗ್ಗಿದ ಉದಾಹರಣೆ ಕೇಂದ್ರದ ಮಟ್ಟದಲ್ಲಿದೆ. ಎರಡನೆಯ ಮಹಾಯುದ್ಧದಲ್ಲಿ ಯುರೋಪಿನಲ್ಲಿ ಲಕ್ಷಾಂತರ ಸೈನಿಕರನ್ನು ನಡೆಸಿದ ಜನರಲ್ ಒಮರ್ ಬ್ರಾಡ್ಲಿ 1945ರಿಂದ 1947ರವರೆಗೆ ಅಮೆರಿಕದ ಮಾಜಿ ಸೈನಿಕರ ಆಡಳಿತ ಸಂಸ್ಥೆಯ ಮುಖ್ಯಸ್ಥರಾಗಿದ್ದರು. ಅಲ್ಲಿನ ಆಸ್ಪತ್ರೆಗಳು ಆಗ ಹೆಸರು ಕೆಡಿಸಿಕೊಂಡಿದ್ದವು. ಬ್ರಾಡ್ಲಿ ಮಾಡಿದ ದೊಡ್ಡ ಕೆಲಸವೆಂದರೆ ತಮಗೆ ಗೊತ್ತಿಲ್ಲದ್ದನ್ನು ಗೊತ್ತಿದ್ದವರಿಗೆ ಬಿಟ್ಟದ್ದು. ಸೇನಾ ವೈದ್ಯ ಪಾಲ್ ಹಾಲಿ ಅವರನ್ನು ಕರೆತಂದು ವೈದ್ಯಕೀಯ ವಿಭಾಗವನ್ನು ಒಪ್ಪಿಸಿದರು, 1946ರಲ್ಲಿ ಆಸ್ಪತ್ರೆಗಳನ್ನು ವೈದ್ಯಕೀಯ ಕಾಲೇಜುಗಳೊಂದಿಗೆ ಬೆಸೆದರು. ಆ ನಂಟು ಇಂದಿಗೂ ಉಳಿದಿದೆ.

ಎರಿಕ್ ಶಿನ್ಸೆಕಿ ಅವರದು ಇದಕ್ಕೆ ತದ್ವಿರುದ್ಧವಾದ, ಆದರೆ ಹೆಚ್ಚು ನೋವಿನ ಪ್ರಕರಣ. ವಿಯೆಟ್ನಾಂನಲ್ಲಿ ಪಾದದ ಒಂದು ಭಾಗ ಕಳೆದುಕೊಂಡೂ ಸೇನೆಯಲ್ಲಿ ಉಳಿದು ಭೂಸೇನೆಯ ಮುಖ್ಯಸ್ಥರಾದವರು ಅವರು. ಇರಾಕ್ ಯುದ್ಧದ ನಂತರ ಅಲ್ಲಿ ಹಲವು ಲಕ್ಷ ಸೈನಿಕರು ಬೇಕಾಗಬಹುದು ಎಂದು 2003ರಲ್ಲಿ ಸಂಸತ್ತಿನ ಮುಂದೆ ನಿಜ ಹೇಳಿ ಸರ್ಕಾರದ ಮುನಿಸಿಗೆ ಗುರಿಯಾದವರು. 2009ರಲ್ಲಿ ಕೇಂದ್ರದ ಮಾಜಿ ಸೈನಿಕರ ಇಲಾಖೆಯ ಕಾರ್ಯದರ್ಶಿಯಾದಾಗ ಇಷ್ಟು ನೈತಿಕ ಬಲವಿದ್ದ ಇನ್ನೊಬ್ಬರು ಇರಲಿಲ್ಲ. ಮನೆಯಿಲ್ಲದ ಮಾಜಿ ಸೈನಿಕರ ಸಂಖ್ಯೆಯನ್ನು ಇಳಿಸುವುದರಲ್ಲಿ, ಕಾಗದದ ಕಡತಗಳನ್ನು ಕಂಪ್ಯೂಟರಿಗೆ ತರುವುದರಲ್ಲಿ ಅವರ ಕೆಲಸ ದೊಡ್ಡದೇ. ಆದರೆ ರೋಗಿಗೆ 14 ದಿನಗಳೊಳಗೆ ವೈದ್ಯರ ಭೇಟಿ ಸಿಗಬೇಕೆಂಬ ಗುರಿಯನ್ನು ಆಡಳಿತಗಾರರ ಬಡ್ತಿ, ಬೋನಸ್ಸುಗಳಿಗೆ ಗಂಟುಹಾಕಿದಾಗ, ಫೀನಿಕ್ಸ್ ನಗರದಲ್ಲಿದ್ದಂಥ ಇಲಾಖೆಯ ಆಸ್ಪತ್ರೆಗಳು ಗುಟ್ಟಿನ ಪಟ್ಟಿಗಳನ್ನಿಟ್ಟು ಕಾಯುವಿಕೆಯನ್ನು ಮರೆಮಾಚಿದವು. ಮೇಲಕ್ಕೆ ಹೋದ ಅಂಕಿಗಳೆಲ್ಲ ಅಂದವಾಗಿದ್ದವು. ಕೆಳಗಿನಿಂದ ಬಂದ ವರದಿಗಳನ್ನು ತಾವು ಅತಿಯಾಗಿ ನಂಬಿದ್ದಾಗಿ ಶಿನ್ಸೆಕಿ ಅವರೇ ಒಪ್ಪಿಕೊಂಡು 2014ರ ಮೇ 30ರಂದು ರಾಜೀನಾಮೆ ಕೊಟ್ಟರು.

ಸೇನೆಯ ಬದುಕು ಕಲಿಸುವ ಗುಣವೇ ಇಲ್ಲಿ ಮುಳುವಾದದ್ದನ್ನು ಗಮನಿಸಬೇಕು. ಗಡಿಯ ಠಾಣೆಯಿಂದ ಬಂದ ವರದಿ ಸುಳ್ಳಾದರೆ ಜನ ಸಾಯುತ್ತಾರೆ, ಆದ್ದರಿಂದ ಸುಳ್ಳು ವರದಿ ಅಲ್ಲಿ ಅಪರಾಧ, ನಂಬಿಕೆ ಅಲ್ಲಿನ ಉಸಿರು. ನಾಗರಿಕ ಕಚೇರಿಯಲ್ಲಿ ವರದಿಯನ್ನು ಬರೆಯುವುದೇ ಮೇಲಿನವರನ್ನು ಸಮಾಧಾನಪಡಿಸಲು. ನಾಲ್ಕು ದಶಕ ಒಂದು ಬಗೆಯ ವರದಿಯನ್ನು ಓದಿದ ಕಣ್ಣು ಇನ್ನೊಂದು ಬಗೆಯದನ್ನು ಅನುಮಾನಿಸಲು ಕಲಿಯುವಷ್ಟರಲ್ಲಿ ಅಧಿಕಾರದ ಅವಧಿ ಮುಗಿದಿರುತ್ತದೆ. ಆಜ್ಞೆಯ ವಿಷಯವೂ ಹೀಗೆಯೇ. ಅಲಬಾಮಾದಲ್ಲಿ ಜಗಳ ಶುರುವಾದದ್ದು ಶತ್ರುವಿನೊಂದಿಗಲ್ಲ, ಅದೇ ಸರ್ಕಾರದ ಇನ್ನೊಂದು ಇಲಾಖೆಯೊಂದಿಗೆ. ಅಲ್ಲಿನ ಮುಖ್ಯಸ್ಥರು ಆಯುಕ್ತರಿಗೆ ಅಧೀನರೂ ಅಲ್ಲ, ಮೇಲಿನವರೂ ಅಲ್ಲ.

ಇನ್ನು ನೇಮಿಸುವವರು ಯಾರು, ತೆಗೆಯುವವರು ಯಾರು ಎಂಬ ಪ್ರಶ್ನೆ. ಅಲಬಾಮಾಕ್ಕೆ ಮೊದಲೇ ವಿಸ್ಕಾನ್ಸಿನ್ ಇದನ್ನು ಅನುಭವಿಸಿತ್ತು. ಅಲ್ಲಿನ ಇಲಾಖೆಯ ಕಾರ್ಯದರ್ಶಿ ಜಾನ್ ಸ್ಕೋಕೋಸ್ ಮೀಸಲು ಸೇನೆಯ ಅಧಿಕಾರಿ, ಹುದ್ದೆಯಲ್ಲಿದ್ದಾಗಲೇ ಇರಾಕಿಗೆ ಹೋಗಿ ಬಂದವರು. ಮರಳಿದ ಕೆಲವೇ ವಾರಗಳಲ್ಲಿ, 2009ರ ನವೆಂಬರ್‌ನಲ್ಲಿ, ಮಾಜಿ ಸೈನಿಕರ ಮಂಡಳಿ ಅವರನ್ನು ವಜಾ ಮಾಡಿತು. ಯುದ್ಧಕ್ಕೆ ಹೋದವರ ಉದ್ಯೋಗ ರಕ್ಷಿಸುವ ಕಾಯ್ದೆಯಡಿ ಅವರು ಮೊಕದ್ದಮೆ ಹೂಡಿದರು. ಯೋಧರ ಉದ್ಯೋಗಹಕ್ಕು ಕಾಯಬೇಕಾದ ಇಲಾಖೆಯ ಮೇಲೆಯೇ ಅದರ ಮುಖ್ಯಸ್ಥ ಆ ಕಾಯ್ದೆಯನ್ನು ಎತ್ತಿದ ಈ ವಿಡಂಬನೆ ಅಲ್ಲಿನ ಪತ್ರಿಕೆಗಳಿಗೆ ಒಳ್ಳೆಯ ಮೇವಾಯಿತು. 2011ರಲ್ಲಿ ಹೊಸ ಗವರ್ನರ್ ಸ್ಕಾಟ್ ವಾಕರ್ ಕಾನೂನು ಬದಲಿಸಿ, ನೇಮಕದ ಅಧಿಕಾರವನ್ನು ಮಂಡಳಿಯಿಂದ ತಮ್ಮ ಕೈಗೆ ತಂದುಕೊಂಡು, ಸ್ಕೋಕೋಸ್ ಅವರನ್ನೇ ಮತ್ತೆ ಕೂರಿಸಿದರು. 1887ರಷ್ಟು ಹಳೆಯದಾದ ಕಿಂಗ್ ಎಂಬಲ್ಲಿನ ಸೈನಿಕರ ಧಾಮದ ಆರೈಕೆ ಮತ್ತು ಹಣದ ಬಳಕೆಯ ಮೇಲೆ ಟೀಕೆಗಳೆದ್ದ 2016ರ ಕೊನೆಗೆ ಅವರು ನಿರ್ಗಮಿಸಿದರು. ಅಲಬಾಮಾ ಕೂಡ 2025ರಲ್ಲಿ ಅದೇ ಹಾದಿ ಹಿಡಿದು, ಆಯುಕ್ತರನ್ನು ಗವರ್ನರ್ ನೇಮಿಸುವಂತೆ, ಮಂಡಳಿ ಸಲಹೆಗೆ ಸೀಮಿತವಾಗುವಂತೆ ಕಾನೂನು ತಿದ್ದಿತು.

ಇದರಲ್ಲಿ ಲಾಭವೂ ನಷ್ಟವೂ ಇವೆ. ಧಾಮದಲ್ಲಿ ಅನಾಹುತವಾದರೆ ಮತದಾರ ಹಿಡಿದು ಕೇಳಬೇಕಾದವರು ಯಾರೆಂಬುದು ಈಗ ಸ್ಪಷ್ಟ, ಗವರ್ನರ್ ಮಂಡಳಿಯ ಕಡೆ ಬೆರಳು ತೋರಿಸುವಂತಿಲ್ಲ. ಆದರೆ ಮಾಜಿ ಸೈನಿಕರ ಸಂಘಟನೆಗಳಿಗಿದ್ದ ಹಲ್ಲು ಹೋಯಿತು. ಸರ್ಕಾರದ ತಪ್ಪನ್ನು ಬಹಿರಂಗವಾಗಿ ಹೇಳುವ ಆಯುಕ್ತ ಇನ್ನು ಮುಂದೆ ಎರಡು ಸಲ ಯೋಚಿಸುತ್ತಾನೆ. ಎರಡರಲ್ಲಿ ಒಂದನ್ನು ಆರಿಸಲೇಬೇಕಾದರೆ ನಾನು ಹೊಣೆಗಾರಿಕೆಯ ಸ್ಪಷ್ಟತೆಯನ್ನೇ ಆರಿಸುತ್ತೇನೆ, ಆದರೆ ಧಾಮಗಳ ತಪಾಸಣೆ ಸ್ವತಂತ್ರ ಸಂಸ್ಥೆಯ ಕೈಯಲ್ಲಿರಬೇಕೆಂಬ ಷರತ್ತಿನೊಡನೆ.

ಕರ್ನಾಟಕದ ಓದುಗರಿಗೆ ಈ ಚಿತ್ರ ಪೂರ್ತಿ ಅಪರಿಚಿತವಲ್ಲ. ನಮ್ಮಲ್ಲಿ ರಕ್ಷಣಾ ಸಚಿವರ ಅಧ್ಯಕ್ಷತೆಯ ಕೇಂದ್ರೀಯ ಸೈನಿಕ ಮಂಡಳಿ, ಮುಖ್ಯಮಂತ್ರಿಯ ಅಧ್ಯಕ್ಷತೆಯ ರಾಜ್ಯ ಸೈನಿಕ ಮಂಡಳಿ, ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಜಿಲ್ಲಾ ಮಂಡಳಿ ಎಂಬ ಮೂರು ಮೆಟ್ಟಿಲುಗಳಿವೆ. ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ನಿರ್ದೇಶಕ ಹುದ್ದೆಗೆ ಸಾಮಾನ್ಯವಾಗಿ ಕರ್ನಲ್ ಅಥವಾ ಬ್ರಿಗೇಡಿಯರ್ ದರ್ಜೆಯಿಂದ ನಿವೃತ್ತರಾದವರು ಬರುತ್ತಾರೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ ನಿವೃತ್ತಿಯ ನಂತರ, 1964ರಲ್ಲಿ, ಮಾಜಿ ಸೈನಿಕರ ರಾಷ್ಟ್ರೀಯ ಸಂಘಟನೆಯೊಂದನ್ನು ಕಟ್ಟಲು ಮುಂದಾದರು. ಆದರೆ ಅವರು ಹೊರಗಿನಿಂದ ಸರ್ಕಾರವನ್ನು ಕೇಳುವ ಸ್ಥಾನದಲ್ಲಿ ನಿಂತರು, ಇಲಾಖೆಯ ಕುರ್ಚಿಯಲ್ಲಿ ಅಲ್ಲ. ಹಿರಿಯ ಸೇನಾಧಿಕಾರಿಯ ಹೆಸರಿಗಿರುವ ತೂಕ ಹೆಚ್ಚು ಫಲ ಕೊಡುವುದು ಬಹುಶಃ ಆ ಸ್ಥಾನದಲ್ಲಿಯೇ.

ಅಧಿಕಾರದ ಹಂಚಿಕೆಯೂ ಹೆಚ್ಚುಕಡಿಮೆ ಅಮೆರಿಕದಂತೆಯೇ. ಪಿಂಚಣಿ, 2003ರಲ್ಲಿ ಶುರುವಾದ ಮಾಜಿ ಸೈನಿಕರ ಆರೋಗ್ಯ ಯೋಜನೆ, 2015ರಲ್ಲಿ ಘೋಷಣೆಯಾದ ಸಮಾನ ಶ್ರೇಣಿ ಸಮಾನ ಪಿಂಚಣಿ ಎಲ್ಲವೂ ಕೇಂದ್ರದವು. ರಾಜ್ಯದ ಪಾಲಿಗೆ ಬರುವುದು ನಿವೇಶನ, ಜಮೀನು, ಉದ್ಯೋಗ ಮೀಸಲಾತಿ, ಮಕ್ಕಳ ಹಾಸ್ಟೆಲು, ಡಿಸೆಂಬರ್ 7ರ ಧ್ವಜ ದಿನಾಚರಣೆಯ ನಿಧಿ, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಅರ್ಜಿಗೆ ನೆರವು. ಸೇನಾ ಪಿಂಚಣಿಯನ್ನು 'ಸ್ಪರ್ಶ್' ಎಂಬ ಆನ್‌ಲೈನ್ ವ್ಯವಸ್ಥೆಗೆ ತಂದ ಮೇಲೆ ಜೀವಂತ ಪ್ರಮಾಣಪತ್ರ, ಆಧಾರ್‌ನಲ್ಲಿರುವ ಹೆಸರು, ಹಳೆಯ ಸೇವಾ ದಾಖಲೆಯಲ್ಲಿರುವ ಹೆಸರು ಇವೆಲ್ಲ ಒಂದಕ್ಕೊಂದು ಹೊಂದಬೇಕು. ಮಡಿಕೇರಿಯಲ್ಲೋ ಬೆಳಗಾವಿಯಲ್ಲೋ ಹವಾಲ್ದಾರನ ಹೆಂಡತಿಯ ಹೆಸರು ಒಂದು ಕಡೆ ಮನೆತನದ ಹೆಸರಿನೊಡನೆ, ಇನ್ನೊಂದು ಕಡೆ ಅದಿಲ್ಲದೆ ದಾಖಲಾಗಿದ್ದರೆ, ಗಂಡ ಸತ್ತ ಮೇಲೆ ಕುಟುಂಬ ಪಿಂಚಣಿಗೆ ಬಂದ ಆಕೆಯ ಮುಂದೆ ಜಿಲ್ಲಾ ಕಚೇರಿ ಮಾಡಬಹುದಾದದ್ದು ಅಫಿಡವಿಟ್ ಬರೆಸಿ, ದಾಖಲೆ ಕಚೇರಿಗೂ ಪ್ರಯಾಗ್‌ರಾಜ್‌ನ ಪಿಂಚಣಿ ಲೆಕ್ಕಪತ್ರ ಕಚೇರಿಗೂ ಕಳಿಸುವುದನ್ನು ಮಾತ್ರ. ಆ ಪತ್ರ ಯಾವ ನಮೂನೆಯಲ್ಲಿದ್ದರೆ ಹಿಂದಿರುಗಿ ಬರುವುದಿಲ್ಲ ಎಂಬುದನ್ನು ಬಲ್ಲ ಸಹಾಯಕ ಸಿಬ್ಬಂದಿ ಆ ಜಿಲ್ಲೆಯಲ್ಲಿ ಇದ್ದಾರೆಯೇ, ಅವರ ಖಾಲಿ ಹುದ್ದೆ ತುಂಬಿದೆಯೇ ಎಂಬುದನ್ನು ಹೊಸ ನಿರ್ದೇಶಕರು ಅಧಿಕಾರ ವಹಿಸಿಕೊಂಡ ವಾರವೇ ಕೇಳಬೇಕು.